ಪದಚರ್ಚೆ: ಮಾಟದ ಆಪಾದನೆಗೆ ಗಲ್ಲಿಗೆ ಹೋದವರನ್ನು ‘ಮಾಟಗಾತಿಯರು’ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನಿರುವುದು ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ. ಬೇಸಿಗೆಯಲ್ಲಿ ಊರಿನಿಂದ ಮಕ್ಕಳ ಮನೆಗೆ ಬಂದು ಮೂರು ನಾಲ್ಕು ತಿಂಗಳು ಇದ್ದು ಹೋಗುವ ಹಿರಿಯರಿಗೆಂದು, ಇಲ್ಲಿ ನೋಡತಕ್ಕ ಸ್ಥಳಗಳ ಬಗ್ಗೆ ಕನ್ನಡದಲ್ಲಿ ಸಣ್ಣ ಕೈಪಿಡಿಗಳನ್ನು ನಾವು ಕೆಲವರು ಸೇರಿ ಬರೆಯುತ್ತಿದ್ದೇವೆ. ನನ್ನ ಪಾಲಿಗೆ ಬಂದದ್ದು ಸೇಲಂ ಪಟ್ಟಣ (ತಮಿಳುನಾಡಿನದಲ್ಲ). 1692ರಲ್ಲಿ ಇಲ್ಲಿ ಮಾಟದ ಆಪಾದನೆ ಹೊರಿಸಿ 19 ಜನರನ್ನು ಗಲ್ಲಿಗೇರಿಸಿದರು, ಒಬ್ಬರನ್ನು ಕಲ್ಲು ಹೇರಿ ಕೊಂದರು, ಕಡಿಮೆಯೆಂದರೂ ಐವರು ಸೆರೆಮನೆಯಲ್ಲೇ ತೀರಿಕೊಂಡರು. ಕೈಪಿಡಿಯಿರುವುದು ನಾಲ್ಕೇ ಪುಟ, ಸಂಗತಿಗಳೆಲ್ಲ ದಾಖಲೆಗಳಲ್ಲಿವೆ. ಆದರೂ ಮೊದಲನೆಯ ವಾಕ್ಯವೇ ಇನ್ನೂ ಕೈಗೆ ಬಂದಿಲ್ಲ. ಸತ್ತವರನ್ನು ಏನೆಂದು ಕರೆಯಬೇಕು ಎಂಬಲ್ಲಿಯೇ ಲೇಖನಿ ನಿಂತುಬಿಡುತ್ತದೆ.

ತೊಡಕು ತಲೆಗೆ ಹೊಳೆದದ್ದು ನಮ್ಮ ಅತ್ತೆಯವರಿಂದ. ಹಾಸನದ ಕಡೆಯವರು, ಕಳೆದ ವರ್ಷ ಬಂದಿದ್ದರು. ಸೇಲಂನ ಹಳೆಯ ಸ್ಮಶಾನದ ಪಕ್ಕದಲ್ಲಿ 1992ರಲ್ಲಿ ಕಟ್ಟಿದ ಸ್ಮಾರಕವೊಂದಿದೆ: ಗಿಡ್ಡನೆಯ ಕಲ್ಲಿನ ಗೋಡೆ, ಅದರಿಂದ ಒಳಗಡೆಗೆ ಚಾಚಿಕೊಂಡ 20 ಕಲ್ಲಿನ ಹಾಸುಗಳು, ನಮ್ಮೂರ ಮನೆಗಳ ಜಗಲಿಕಟ್ಟೆಯನ್ನು ತುಂಡು ತುಂಡು ಮಾಡಿ ಇಟ್ಟ ಹಾಗೆ. ಒಂದೊಂದರ ಮೇಲೂ ಒಂದು ಹೆಸರು, ಕೊಂದ ಬಗೆ, ಕೊಂದ ದಿನ, ಬೇರೇನಿಲ್ಲ. ಅತ್ತೆಯವರು ಕಾಲು ನೋವೆಂದು ಅಂಥದ್ದರ ಮೇಲೆ ಕೂರಲು ಹೋದಾಗ ನಾನು ತಡೆದು, “ಬೇಡ ಅತ್ತೆ, ಇದು ಮಾಟಗಾತಿಯರನ್ನ ಗಲ್ಲಿಗೆ ಹಾಕಿದ್ದರ ನೆನಪಿಗೆ ಕಟ್ಟಿದ್ದು” ಎಂದೆ. ಅವರು ಹೆಸರಿನ ಮೇಲಿದ್ದ ಒಣಗಿದ ಹೂವನ್ನು ನೋಡಿ, “ಒಳ್ಳೇದಾಯ್ತು ಬಿಡಮ್ಮ, ಯಾರ್ಯಾರ ಮನೆ ಹಾಳು ಮಾಡಿದ್ರೋ ಏನೋ” ಎಂದರು. ಅತ್ತೆಯವರದೇನೂ ತಪ್ಪಿಲ್ಲ, ನಾನು ಆಡಿದ ಕನ್ನಡ ಹೇಳಿದ್ದು ಅದನ್ನೇ.

ಈ ಪದದ ಹುಟ್ಟನ್ನು ಸ್ವಲ್ಪ ಬಿಡಿಸಿ ನೋಡಬೇಕೆನ್ನಿಸುತ್ತದೆ. ಆಡು–ಆಟ, ನೋಡು–ನೋಟ, ಕೂಡು–ಕೂಟ ಎಂಬ ಸಾಲಿನಲ್ಲಿಯೇ ಮಾಡು–ಮಾಟ ಬರುತ್ತದೆ. ಮೂಲದಲ್ಲಿ ಅದಕ್ಕೆ ಕೇಡಿನ ಸೋಂಕಿಲ್ಲ; ‘ಮೈಮಾಟ’ ಎಂಬಲ್ಲಿ ಇಂದಿಗೂ ಅದು ಚೆಂದದ ಕಟ್ಟನ್ನೇ ಹೇಳುತ್ತದೆ. ಹೆಸರೆತ್ತಿ ಹೇಳಲು ಅಂಜುವ ಕೆಲಸವನ್ನು ಬರಿಯ ‘ಮಾಡಿದ್ದು’ ಎಂದು ಸೂಚಿಸಿ ಸುಮ್ಮನಾಗುವ ರೂಢಿ ನಮಗಷ್ಟೇ ಸೇರಿದ್ದಲ್ಲ: ತಮಿಳಿನವರ ‘ಸೆಯ್ವಿನೈ’, ಸಂಸ್ಕೃತದ ‘ಕೃತ್ಯೆ’, ಇಟಲಿಯವರ ‘ಫತ್ತೂರಾ’ ಎಲ್ಲವೂ ಮಾಡುವುದೆಂಬ ಧಾತುವಿನಿಂದಲೇ ಹುಟ್ಟಿದವು. ಆದರೆ ‘ಗಾರ’, ‘ಗಾತಿ’ ಎಂಬ ಪ್ರತ್ಯಯ ಸೇರಿದ ಕೂಡಲೇ ಸಂಶಯಕ್ಕೆ ಎಡೆ ಇಲ್ಲದಂತಾಗುತ್ತದೆ. ಮೋಸಗಾತಿ ಎಂದರೆ ಮೋಸ ಮಾಡಿದವಳು, ಕೊಲೆಗಾತಿ ಎಂದರೆ ಕೊಂದವಳು. ಹಾಗೆಯೇ ಮಾಟಗಾತಿ ಎಂದರೆ ಮಾಟ ಮಾಡಿದವಳು, ಅದೂ ಒಮ್ಮೆ ಮಾಡಿ ಬಿಟ್ಟವಳಲ್ಲ, ಅದನ್ನೇ ಕಸುಬಾಗಿ ಉಳ್ಳವಳು. ‘ಮಾಟಗಾತಿಯರನ್ನು ಗಲ್ಲಿಗೇರಿಸಿದರು’ ಎಂದು ಬರೆದರೆ, ನ್ಯಾಯಾಲಯ ಕೊಟ್ಟ ತೀರ್ಪಿನ ಕೆಳಗೆ ನಾನೂ ಒಂದು ರುಜು ಹಾಕಿದಂತಾಗುತ್ತದೆ.

ಇನ್ನೊಂದು ತೊಡಕು ಅಪರಾಧದ ಕಲ್ಪನೆಯಲ್ಲಿಯೇ ಇದೆ. ನಮ್ಮ ಕಡೆ ಮಾಟದಲ್ಲಿ ಮೂವರಿರುತ್ತಾರೆ: ಮಾಡಿಸುವವರು, ಮಾಡುವವರು, ಅನುಭವಿಸುವವರು. ಊರಿನ ಸಿಟ್ಟೆಲ್ಲ ಹರಿಯುವುದು ಹೆಚ್ಚಾಗಿ ಮೊದಲನೆಯವರ ಮೇಲೆ. “ಯಾರೋ ಮಾಡಿಸಿದ್ದಾರೆ” ಎನ್ನುತ್ತೇವೆಯೇ ಹೊರತು “ಯಾರೋ ಮಾಡಿದ್ದಾರೆ” ಎನ್ನುವುದು ಅಪರೂಪ. ಮಾಟಗಾರ ದುಡ್ಡು ತೆಗೆದುಕೊಂಡು ಕೆಲಸ ಮಾಡಿಕೊಡುವವನು. ಇವತ್ತು ನಿಮಗೆ ಕಟ್ಟಿದ್ದನ್ನು ನಾಳೆ ನೀವು ಕೇಳಿದರೆ ಅವನೇ ಬಿಚ್ಚಿಕೊಡಬಹುದು. ಮಸಾಚುಸೆಟ್ಸಿನ ಪ್ಯೂರಿಟನ್ ಕ್ರೈಸ್ತರ ಕಲ್ಪನೆಯಲ್ಲಿ ಈ ಪ್ರೇರಣಾರ್ಥಕಕ್ಕೆ ಜಾಗವೇ ಇಲ್ಲ. ಅಲ್ಲಿ ಇರುವುದು ಒಬ್ಬ ಮನುಷ್ಯ ಮತ್ತು ಸೈತಾನ, ನಡುವೆ ಒಂದು ಒಪ್ಪಂದ. ಸೈತಾನನ ಪುಸ್ತಕದಲ್ಲಿ ರುಜು ಹಾಕಿದ್ದೇ ಅಪರಾಧ, ನೆರೆಯವರ ಹಸು ಸತ್ತದ್ದು, ಮಗು ಕಾಯಿಲೆ ಬಿದ್ದದ್ದು ಅದರ ಕುರುಹು. ಆಗ ಇಂಗ್ಲಿಷರ ವಸಾಹತಾಗಿದ್ದ ಮಸಾಚುಸೆಟ್ಸ್ 1641ರಲ್ಲಿ ಮಾಡಿಕೊಂಡ ಕಾನೂನು, ಗಂಡಸಾಗಲಿ ಹೆಂಗಸಾಗಲಿ ‘ವಿಚ್’ ಆಗಿದ್ದರೆ, ಎಂದರೆ ಒಂದು ಕ್ಷುದ್ರ ಶಕ್ತಿಯನ್ನು ಇಟ್ಟುಕೊಂಡಿದ್ದರೆ ಅಥವಾ ಅದರೊಡನೆ ಸಮಾಲೋಚಿಸುತ್ತಿದ್ದರೆ, ಮರಣವೇ ಶಿಕ್ಷೆ ಎಂದು ವಿಧಿಸಿತ್ತು. ನಮ್ಮ ‘ಕರ್ಣಪಿಶಾಚಿ’ ಈ ವಿವರಣೆಗೆ ಹತ್ತಿರ ಬರುತ್ತದೆ, ಆದರೆ ಅದು ಕಿವಿಯಲ್ಲಿ ಪಿಸುಗುಡುತ್ತದೆ; ಸೇಲಂನ ಸಾಕ್ಷಿಗಳು ಹೇಳಿದ ಹಳದಿ ಹಕ್ಕಿ ಒಡತಿಯ ಬೆರಳ ಸಂದಿಯಿಂದ ರಕ್ತ ಹೀರುತ್ತಿತ್ತು. ಅದನ್ನು ‘ಸಾಕುಪಿಶಾಚಿ’ ಎಂದು ಬರೆದುಕೊಂಡಿದ್ದೇನೆ. ನಗು ಬಂದರೆ ತಿಳಿಸಿ, ಬಿಡುತ್ತೇನೆ.

ಮೇಲಿನ ಕಾನೂನಿನಲ್ಲಿ ಗಂಡು ಹೆಣ್ಣು ಇಬ್ಬರಿಗೂ ಇಂಗ್ಲಿಷಿನ ಒಂದೇ ಪದ ಸಲ್ಲುತ್ತದೆ. ಗಲ್ಲಿಗೇರಿದ 19 ಜನರಲ್ಲಿ 14 ಹೆಂಗಸರು, ಐವರು ಗಂಡಸರು. ಆ ಐವರಲ್ಲಿ ಜಾರ್ಜ್ ಬರೋಸ್ ಸ್ವತಃ ಪಾದ್ರಿಯಾಗಿದ್ದವರು. ‘ಮಾಟಗಾತಿಯರು’ ಎಂದರೆ ಇವರೆಲ್ಲ ಬಿಟ್ಟುಹೋಗುತ್ತಾರೆ, ‘ಮಾಟಗಾರರು’ ಎಂದರೆ ಹೆಂಗಸರೇ ಹೆಚ್ಚಿದ್ದರೆಂಬ ಸಂಗತಿ ಮರೆಯಾಗುತ್ತದೆ. ಹಾಗೆಂದು ಈ ಜೋಡಿಪದ ಇಲ್ಲದೆಯೂ ಆಗದು. ಜುಲೈ 19ರಂದು ಗಲ್ಲಿನ ಮೆಟ್ಟಿಲಲ್ಲಿ ನಿಂತಿದ್ದ ಸಾರಾ ಗುಡ್ ಅವರಿಗೆ, ನೀನು ಮಾಟಗಾತಿಯೆಂದು ಒಪ್ಪಿಕೋ ಎಂದು ನಿಕೊಲಸ್ ನೋಯ್ಸ್ ಎಂಬ ಪಾದ್ರಿ ಒತ್ತಾಯಿಸಿದಾಗ ಅವರು ಕೊಟ್ಟ ಉತ್ತರ ಹೀಗಿದೆ: “ನೀನೆಷ್ಟು ಮಾಟಗಾರನೋ ನಾನೂ ಅಷ್ಟೇ ಮಾಟಗಾತಿ, ನನ್ನ ಜೀವ ತೆಗೆದರೆ ದೇವರು ನಿನಗೆ ಕುಡಿಯಲು ರಕ್ತ ಕೊಡುತ್ತಾನೆ.” ಇಲ್ಲಿ ಮಾತ್ರ ಕನ್ನಡದ ಗಾರ–ಗಾತಿ ಇಂಗ್ಲಿಷಿಗಿಂತ ಚೆನ್ನಾಗಿ ಕೂರುತ್ತದೆ ಎಂದು ನನ್ನ ಅನಿಸಿಕೆ.

ಈ ಮೊಕದ್ದಮೆಗಳ ಕಡತಗಳನ್ನು ಓದುತ್ತಾ ಹೋದಂತೆ, ಅಲ್ಲಿ ನಡೆದದ್ದರಲ್ಲಿ ಒಂದು ಪಾಲು ಪದಚರ್ಚೆಯೇ ಆಗಿತ್ತೆಂದು ಕಾಣುತ್ತದೆ. ಎಲ್ಲರಿಗಿಂತ ಮೊದಲು, ಜೂನ್ 10ರಂದು, ಗಲ್ಲಿಗೇರಿದ ಬ್ರಿಜೆಟ್ ಬಿಷಪ್ ಅವರನ್ನು ಏಪ್ರಿಲ್ 19ರಂದು ವಿಚಾರಿಸಿದವನು ಜಾನ್ ಹಾಥಾರ್ನ್ ಎಂಬ ಮ್ಯಾಜಿಸ್ಟ್ರೇಟ್. “ನಾನು ಮಾಟಗಾತಿಯಲ್ಲ, ಮಾಟಗಾತಿ ಎಂದರೆ ಏನೆಂದೇ ನನಗೆ ಗೊತ್ತಿಲ್ಲ” ಎಂದು ಅವರು ಹೇಳಿದರು. ಅದಕ್ಕೆ ಅವನ ಪ್ರಶ್ನೆ: “ಏನೆಂದು ಗೊತ್ತಿಲ್ಲದೆ, ನೀನು ಅದಲ್ಲ ಎಂದು ನಿನಗೆ ಹೇಗೆ ಗೊತ್ತು?” ತರ್ಕಶಾಸ್ತ್ರದ ಪಾಠಕ್ಕೆ ಇಡಬಹುದಾದ ಪ್ರಶ್ನೆ. “ನೀವು ಹೇಳುವುದು ನನಗೆ ತಿಳಿಯದು” ಎಂದರು ಬ್ರಿಜೆಟ್.

71 ವರ್ಷದ ರೆಬೆಕಾ ನರ್ಸ್ ಅವರ ಪಾಡು ಇದಕ್ಕಿಂತ ಕೆಟ್ಟದ್ದು, ಮತ್ತು ನಮ್ಮ ಬಳಗಕ್ಕೆ ಇನ್ನೂ ಹೆಚ್ಚು ಸಲ್ಲುವಂಥದ್ದು. ಪಂಚರು ಮೊದಲು ಅವರನ್ನು ನಿರಪರಾಧಿ ಎಂದೇ ಹೇಳಿದ್ದರು. ಆದರೆ ತಪ್ಪೊಪ್ಪಿಕೊಂಡಿದ್ದ ಇನ್ನೊಬ್ಬ ಹೆಂಗಸನ್ನು ಸಾಕ್ಷಿ ಹೇಳಲು ಕರೆತಂದಾಗ ನರ್ಸ್ ಅವರ ಬಾಯಿಂದ “ಇವಳೂ ನಮ್ಮವಳೇ” ಎಂಬರ್ಥದ ಮಾತು ಬಂದಿತ್ತು. ‘ನಮ್ಮ’ ಎಂದರೆ ಯಾರು? ಜೊತೆಯಲ್ಲಿ ಸೆರೆಯಲ್ಲಿದ್ದವಳು ಎಂಬುದು ಅವರ ಅಭಿಪ್ರಾಯ. ಮಾಟಗಾತಿಯರ ಕೂಟದವಳು ಎಂದು ನ್ಯಾಯಪೀಠ ಅರ್ಥ ಮಾಡಿತು. ಪಂಚರು ವಿವರಣೆ ಕೇಳಿದಾಗ, ಕಿವಿ ಮಂದವಾಗಿದ್ದ ಮುದುಕಿಗೆ ಪ್ರಶ್ನೆಯೇ ಕೇಳಿಸಲಿಲ್ಲ, ಅವರು ಸುಮ್ಮನಿದ್ದರು. ಆ ಮೌನವನ್ನೇ ಉತ್ತರವೆಂದು ಎಣಿಸಿ ಪಂಚರು ತೀರ್ಪನ್ನು ತಿರುಗಿಸಿದರು. ಒಂದು ಸರ್ವನಾಮದ ವ್ಯಾಪ್ತಿಯ ಮೇಲೆ ಜೀವ ಹೋದದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ಆ ವರ್ಷ ‘ಹೌದು, ನಾನು ಮಾಟಗಾತಿ’ ಎಂದು ಒಪ್ಪಿಕೊಂಡವರು 50ರ ಆಸುಪಾಸಿನಲ್ಲಿದ್ದರು ಮತ್ತು ಅವರಲ್ಲಿ ಒಪ್ಪಿಗೆಯ ಮೇಲೆ ನಿಂತ ಒಬ್ಬರನ್ನೂ ಗಲ್ಲಿಗೇರಿಸಲಿಲ್ಲ. ಸ್ಯಾಮ್ಯುಯೆಲ್ ವಾರ್ಡ್‌ವೆಲ್ ಮೊದಲು ಒಪ್ಪಿಕೊಂಡು, ಆಮೇಲೆ ಹಿಂದೆಗೆದುಕೊಂಡು, ಗಲ್ಲಿಗೆ ಹೋದರು. ಆ ಹೆಸರನ್ನು ಮೈಮೇಲೆ ಹಾಕಿಕೊಂಡಿದ್ದರೆ ಉಳಿಯುತ್ತಿದ್ದವರು, ಅದನ್ನು ಬೇಡವೆಂದದ್ದಕ್ಕೆ ಸತ್ತರು. ಅಂಥವರ ಗೋರಿಗಲ್ಲಿನ ವಿವರಣೆಯಲ್ಲಿ ಅದೇ ಪದವನ್ನು ಕನ್ನಡದಲ್ಲಿ ಮತ್ತೆ ಅಂಟಿಸಲು ನನ್ನ ಕೈ ಬರುತ್ತಿಲ್ಲ.

ಹಾಗಾದರೆ ಏನು ಬರೆಯಬೇಕು? ‘ಆರೋಪಿ’ ಎಂಬುದು ತೀರ್ಪು ಬರುವ ತನಕ ಮಾತ್ರ ಸಲ್ಲುವ ಪದ. ತೀರ್ಪಾದ ಮೇಲೆ ನಮ್ಮ ಪತ್ರಿಕೆಗಳಲ್ಲಿ ಅವರು ‘ಅಪರಾಧಿ’ ಆಗುತ್ತಾರೆ, ಮತ್ತು ಅದು ಮಾಟಗಾತಿಗಿಂತಲೂ ಕೆಟ್ಟದ್ದು. ‘ಬಲಿಪಶು’ ರೂಢಿಯಲ್ಲಿದ್ದರೂ, ಕಲ್ಲು ಹೇರಿ ಕೊಂದ 80 ದಾಟಿದ ರೈತನನ್ನೂ ಪಾದ್ರಿಯನ್ನೂ ಪಶುವೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ, ಮೇಲಾಗಿ ಮಾಟದ ಪ್ರಸಂಗದಲ್ಲಿ ‘ಬಲಿ’ ಎಂದರೆ ಓದುಗರಿಗೆ ಕೋಳಿಯೋ ಕುರಿಯೋ ನೆನಪಾಗುತ್ತದೆ. ‘ಹುತಾತ್ಮ’ ಎಂಬುದನ್ನು ಸಂಗೊಳ್ಳಿ ರಾಯಣ್ಣನಂಥವರಿಗೆ ಮೀಸಲಿಟ್ಟಿದ್ದೇವೆ; ಅವನು ಮಾಡಿದ್ದಕ್ಕೆ ಗಲ್ಲಿಗೇರಿದವನು, ಇವರು ಮಾಡದೆ ಇದ್ದದ್ದಕ್ಕೆ.

ಸದ್ಯಕ್ಕೆ ನನ್ನ ಒಲವು ‘ಅಪವಾದ’ ಎಂಬ ಪದದ ಕಡೆಗಿದೆ. ಚೌತಿಯ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆಂದು ಚಿಕ್ಕಂದಿನಲ್ಲಿ ಎಲ್ಲರೂ ತಲೆ ತಗ್ಗಿಸಿ ನಡೆದವರೇ. ಶಮಂತಕ ಮಣಿಯ ಕಥೆಯಲ್ಲಿ ಕೃಷ್ಣನಿಗೂ ಅದು ತಪ್ಪಲಿಲ್ಲ. ಆ ಕಥೆಯಿಂದಾಗಿ ಕನ್ನಡದ ಕಿವಿಗೆ ಅಪವಾದವೆಂದರೆ ಬರಿಯ ದೂರಲ್ಲ, ಇಲ್ಲದ್ದನ್ನು ಹೊರಿಸಿದ ದೂರು. ‘ಹೊರಿಸು’, ‘ಹೊರು’ ಎಂಬ ಕ್ರಿಯಾಪದಗಳೂ ಜೊತೆಗೇ ಬರುತ್ತವೆ, ಭಾರ ಒಬ್ಬರಿಂದ ಇನ್ನೊಬ್ಬರ ತಲೆಗೆ ದಾಟುವುದು ಕಣ್ಣಿಗೆ ಕಟ್ಟುತ್ತದೆ. ‘ಮಾಟದ ಅಪವಾದ ಹೊತ್ತು ಗಲ್ಲಿಗೆ ಹೋದವರು’ ಎಂದು ಬರೆದು ಅತ್ತೆಯವರಿಗೆ ಫೋನಿನಲ್ಲಿ ಓದಿ ಹೇಳಿದೆ. “ಅಯ್ಯೋ ಪಾಪ, ಹಂಗಾ” ಎಂದರು. ಆಕ್ಷೇಪಣೆಗಳು ನನಗೂ ಗೊತ್ತಿವೆ: ಅಪವಾದ ಊರಬಾಯಿಯ ಮಾತು, ಕೋರ್ಟಿನದಲ್ಲ, ವ್ಯಾಕರಣದಲ್ಲಿ ಅದಕ್ಕೆ ನಿಯಮಕ್ಕೆ ಹೊರತಾದದ್ದು ಎಂಬ ಇನ್ನೊಂದು ಅರ್ಥವಿದೆ, ಮತ್ತು ಚಿತ್ರದ ಕೆಳಗೆ ಒಂದೇ ಪದ ಬೇಕಾದಾಗ ‘ಅಪವಾದಿತರು’ ಎಂದು ಹೊಸೆದರೆ ಯಾರ ನಾಲಗೆಗೂ ಒಗ್ಗುವುದಿಲ್ಲ.

ಇದರ ಜೊತೆಗೆ ಬಂದ ಸಣ್ಣ ತೊಡಕುಗಳನ್ನೂ ಮುಂದಿಡುತ್ತೇನೆ. ಪತ್ರಿಕೆಗಳಲ್ಲಿ ಅಪರಾಧಿಗೆ ಏಕವಚನ, ಉಳಿದವರಿಗೆ ಬಹುವಚನ ಎಂಬ ರೂಢಿಯನ್ನು ಅನುಸರಿಸಿದರೆ ನರ್ಸ್ ‘ಅವಳು’ ಆಗುತ್ತಾರೆ. ಮೊದಲ ಕರಡಿನಲ್ಲಿ, ಭಿಕ್ಷೆ ಬೇಡಿ ಬದುಕುತ್ತಿದ್ದ ಸಾರಾ ಗುಡ್ ಅವರಿಗೆ ಏಕವಚನವನ್ನೂ, ಮರ್ಯಾದಸ್ಥ ಮನೆತನದ ನರ್ಸ್ ಅವರಿಗೆ ಬಹುವಚನವನ್ನೂ ಗೊತ್ತಿಲ್ಲದೆಯೇ ಬಳಸಿದ್ದೆ, ತಿದ್ದುವಾಗ ನಾಚಿಕೆಯಾಯಿತು. ಈಗ ಎಲ್ಲರಿಗೂ ಬಹುವಚನ. ಹಾಥಾರ್ನ್‌ಗೆ ಮಾತ್ರ ಏಕವಚನ ಉಳಿದುಕೊಂಡಿದೆ, ಅದನ್ನು ತಿದ್ದುವ ಅವಸರ ನನಗಿಲ್ಲ.

ಆ ನ್ಯಾಯಾಲಯ ಒಪ್ಪಿಕೊಂಡ ಒಂದು ಬಗೆಯ ಸಾಕ್ಷ್ಯಕ್ಕೆ ಕನ್ನಡದಲ್ಲಿ ಹೆಸರು ಬೇಕಾಗಿದೆ. ಆಪಾದಿತರು ತಮ್ಮ ಮನೆಯಲ್ಲೋ ಸೆರೆಯಲ್ಲೋ ಇರುವಾಗ ಅವರ ರೂಪ ಮಾತ್ರ ಬಂದು ತಮ್ಮನ್ನು ಚಿವುಟಿತು, ಕತ್ತು ಹಿಸುಕಿತು ಎಂದು, ಮಾಟದಿಂದ ನರಳುತ್ತಿದ್ದೇವೆಂದು ದೂರಿದ್ದ ಹುಡುಗಿಯರು ಹೇಳುತ್ತಿದ್ದರು. ಆ ರೂಪ ಅವರಿಗಲ್ಲದೆ ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಇದನ್ನು ‘ಪ್ರೇತಸಾಕ್ಷ್ಯ’ ಎನ್ನುವುದು ತಪ್ಪು, ಪ್ರೇತವಾಗಲು ಮನುಷ್ಯ ಮೊದಲು ಸಾಯಬೇಕು. ‘ಛಾಯಾಸಾಕ್ಷ್ಯ’ ಎಂದರೆ ಫೋಟೋ ತೋರಿಸಿದರೆಂದು ತಿಳಿಯುತ್ತಾರೆ. ನನಗೆ ಹೊಳೆದದ್ದು ರಾಮಾಯಣದ ಮಾಯಾಸೀತೆ: ರೂಪ ಸೀತೆಯದು, ಸೀತೆ ಅಲ್ಲಿಲ್ಲ. ಅಂದಿನ ವಾದವೂ ಇದೇ ಆಗಿತ್ತು. ನಿರಪರಾಧಿಯೊಬ್ಬರ ರೂಪವನ್ನು ಸೈತಾನ ಅವರ ಒಪ್ಪಿಗೆಯಿಲ್ಲದೆ ತಾಳಬಲ್ಲನೇ? ತಾಳಬಲ್ಲನೆಂದಾದರೆ ಮೊಕದ್ದಮೆಗಳ ತಳಪಾಯವೇ ಕುಸಿಯುತ್ತದೆ. ಪಾದ್ರಿ ಇನ್‌ಕ್ರೀಸ್ ಮ್ಯಾದರ್ ಆ ಅಕ್ಟೋಬರಿನಲ್ಲಿ, ಒಬ್ಬ ನಿರಪರಾಧಿಗೆ ಶಿಕ್ಷೆಯಾಗುವುದಕ್ಕಿಂತ ಸಂಶಯಕ್ಕೆ ಒಳಗಾದ ಹತ್ತು ಮಂದಿ ತಪ್ಪಿಸಿಕೊಳ್ಳುವುದು ಮೇಲು ಎಂದರು. ಗವರ್ನರ್ ವಿಲಿಯಂ ಫಿಪ್ಸ್ ಅದೇ ತಿಂಗಳು ಆ ವಿಶೇಷ ನ್ಯಾಯಾಲಯವನ್ನು ನಿಲ್ಲಿಸಿದರು. ಅಷ್ಟರಲ್ಲಿ ಸೆಪ್ಟೆಂಬರ್ 22ರ ಒಂದೇ ದಿನ ಎಂಟು ಜನ ಗಲ್ಲಿಗೇರಿ ಆಗಿತ್ತು. ‘ಮಾಯಾರೂಪದ ಸಾಕ್ಷ್ಯ’ ಎಂದರೆ ಸಾಕೇ?

ಹಾಗೆಯೇ ಆ ಹುಡುಗಿಯರನ್ನು ‘ಮೈಮೇಲೆ ಬಂದವರು’ ಎಂದು ಬರೆಯಬಾರದೆಂದು ನನ್ನ ನಂಬಿಕೆ. ಮೈಮೇಲೆ ಬರುವುದು ದೈವದ್ದೋ ದೆವ್ವದ್ದೋ ಕೆಲಸ, ಅದರಲ್ಲಿ ನೆರೆಮನೆಯವರ ಕೈವಾಡವಿರಬೇಕೆಂದಿಲ್ಲ. ಕಾಟ ಎಂದರೆ ಕಾಡುವವರೊಬ್ಬರು ಇರಲೇಬೇಕು. ದೋಷಾರೋಪಪಟ್ಟಿಗಳು ಹೇಳುವುದೂ ಕಾಟವನ್ನೇ: ಹಿಂಸಿಸಿದರು, ಪೀಡಿಸಿದರು, ಸೊರಗಿಸಿದರು, ಕ್ಷಯಿಸುವಂತೆ ಮಾಡಿದರು ಎಂದು ಕ್ರಿಯಾಪದಗಳ ಸಾಲೇ ಇದೆ. ಕಣ್ಣಿಗೆ ಬಿದ್ದದ್ದು ಕಾಟ, ಊಹಿಸಿದ್ದು ಮಾಟ.

‘ಮರಣದಂಡನೆಗೆ ಗುರಿಯಾದ 20 ಜನ’ ಎಂಬುದೂ ಸರಿಯಲ್ಲ. ಜೈಲ್ಸ್ ಕೋರಿ ಎಂಬ 80 ದಾಟಿದ ರೈತರು, ಪಂಚರ ಮುಂದೆ ವಿಚಾರಣೆಗೆ ಒಪ್ಪಿಗೆ ಕೊಡಲೇ ಇಲ್ಲ. ಬಾಯಿ ಬಿಡಿಸಲೆಂದು ಅವರನ್ನು ಮಲಗಿಸಿ ಮೈಮೇಲೆ ಕಲ್ಲು ಹೇರುತ್ತಾ ಹೋದರು. ಸೆಪ್ಟೆಂಬರ್ 19ರಂದು ಅವರು ಪ್ರಾಣ ಬಿಟ್ಟರು. ತೀರ್ಪೇ ಆಗದ್ದರಿಂದ ಅದು ದಂಡನೆಯಲ್ಲ. ಸ್ಮಾರಕದ ಕಲ್ಲಿನಲ್ಲಿ ಉಳಿದವರ ಹೆಸರಿನ ಕೆಳಗೆ ಗಲ್ಲೆಂದು, ಇವರ ಹೆಸರಿನ ಕೆಳಗೆ ಹೇರಿ ಕೊಂದದ್ದೆಂದು ಕೆತ್ತಿದ್ದಾರೆ. ‘ಕಲ್ಲು ಹೇರಿ ಕೊಂದರು’ ಎಂಬುದಕ್ಕಿಂತ ಸಂಸ್ಕೃತದ ಸಮಾಸ ಏನೂ ಬೇಡವೆನ್ನಿಸುತ್ತದೆ. ಗಲ್ಲಿನ ಬದಲು ‘ನೇಣು’ ಬಳಸಿದರೆ ಇಂದಿನ ಪತ್ರಿಕೆಗಳ ದೆಸೆಯಿಂದ ಆತ್ಮಹತ್ಯೆಯ ನೆರಳು ಬೀಳುತ್ತದೆ. ‘ಜೀವಂತ ಸುಟ್ಟರು’ ಎಂದು ಬರೆಯುವವರಿಗೆ ಒಂದು ಮಾತು: ಸೇಲಂನಲ್ಲಿ ಯಾರನ್ನೂ ಸುಡಲಿಲ್ಲ. ಇಂಗ್ಲಿಷ್ ಕಾನೂನಿನಲ್ಲಿ ಇದಕ್ಕೆ ಗಲ್ಲೇ ಶಿಕ್ಷೆಯಾಗಿತ್ತು, ಸುಡುತ್ತಿದ್ದದ್ದು ಸ್ಕಾಟ್ಲೆಂಡಿನಲ್ಲಿ ಮತ್ತು ಯೂರೋಪಿನ ಇತರ ಕಡೆಗಳಲ್ಲಿ.

ಮೊದಲು ಆಪಾದನೆಗೆ ಒಳಗಾದವರಲ್ಲಿ ಒಬ್ಬರಾದ, ಪಾದ್ರಿಯ ಮನೆಯಲ್ಲಿ ಗುಲಾಮರಾಗಿದ್ದ ಟಿಟೂಬಾ ಅವರನ್ನು ಕಡತಗಳು ‘ಇಂಡಿಯನ್’ ಎನ್ನುತ್ತವೆ. ಅದನ್ನು ಹಾಗೆಯೇ ಇಳಿಸಿದರೆ ನಮ್ಮವರು ಅವರನ್ನು ಭಾರತದವರೆಂದುಕೊಳ್ಳುತ್ತಾರೆ. ‘ಅಮೆರಿಕದ ಮೂಲನಿವಾಸಿ’ ಎಂದು ಬಿಡಿಸಿಯೇ ಬರೆಯಬೇಕು.

ಕೊನೆಗೆ, ತಪ್ಪನ್ನು ತೊಳೆದ ಬಗೆ. 1711ರ ಶಾಸನ ಹಲವರ ಶಿಕ್ಷೆಯನ್ನು ರದ್ದುಪಡಿಸಿ ಅವರ ಕುಟುಂಬಗಳಿಗೆ ಪರಿಹಾರ ಕೊಟ್ಟಿತು. 1957ರ ನಿರ್ಣಯ ಆ್ಯನ್ ಪುಡೀಟರ್ ಒಬ್ಬರ ಹೆಸರು ಹೇಳಿ ಉಳಿದವರನ್ನು ‘ಇನ್ನು ಕೆಲವರು’ ಎಂದಿತು. ಬ್ರಿಜೆಟ್ ಬಿಷಪ್ ಮತ್ತು ಇನ್ನು ನಾಲ್ವರ ಹೆಸರು ಸೇರಲು 2001 ಬರಬೇಕಾಯಿತು. ಶಿಕ್ಷೆಯಾಗಿಯೂ ಗಲ್ಲಿನಿಂದ ಪಾರಾಗಿದ್ದ ಎಲಿಜಬೆತ್ ಜಾನ್ಸನ್ ಅವರ ಹೆಸರು ತೊಳೆದದ್ದು 2022ರಲ್ಲಿ, ಅದೂ ಶಾಲೆಯ ಮಕ್ಕಳು ಹಟ ಹಿಡಿದ ಮೇಲೆ. ನೆರೆಯ ಕನೆಕ್ಟಿಕಟ್‌ನಲ್ಲಿ, 1647ರಲ್ಲಿಯೇ ಗಲ್ಲಿಗೇರಿದ ಆಲ್ಸ್ ಯಂಗ್ ಅವರೂ ಸೇರಿದಂತೆ 12 ಜನರ ಬಗ್ಗೆ ಶಾಸನಸಭೆ 2023ರಲ್ಲಿ ನಿರ್ಣಯ ಮಾಡಿತು. ಇವೆಲ್ಲವನ್ನೂ ‘ಕ್ಷಮಾದಾನ’ ಎಂದು ಬರೆದದ್ದನ್ನು ನೋಡಿದ್ದೇನೆ. ಕ್ಷಮಿಸಬೇಕಾದರೆ ಅವರು ತಪ್ಪು ಮಾಡಿರಬೇಕಲ್ಲ? ‘ಖುಲಾಸೆ’ ವಿಚಾರಣೆಯ ಕೊನೆಯಲ್ಲಿ ಆಗುವಂಥದ್ದು. ‘ದೋಷಮುಕ್ತ’ ಪರವಾಗಿಲ್ಲ, ಆದರೆ ಮುಕ್ತರಾಗುವ ಮುಂಚೆ ದೋಷವಿತ್ತೆಂಬ ಧ್ವನಿ ಅದರಲ್ಲೂ ಇದೆ. ‘ಅಪವಾದ ಕಳೆಯಿತು’ ಎಂಬ ಹಳೆಯ ನುಡಿಗಟ್ಟು ಇಲ್ಲಿಯೂ ಹೊಂದುತ್ತದೆ.

ನನ್ನ ಕೊನೆಯ ಕೇಳಿಕೆ ಕಲಬುರಗಿ, ಬೀದರದ ಕಡೆಯವರಿಗೆ. ನಿಮ್ಮಲ್ಲಿ ಬಾನಾಮತಿಯ ಮಾತು ಹೆಚ್ಚು. ಬಾನಾಮತಿ ಮಾಡಿದಳೆಂದು ಊರವರು ಸುಮ್ಮಸುಮ್ಮನೆ ದೂರಿದ ಹೆಂಗಸನ್ನು, ಅವಳ ಪರವಾಗಿ ಮಾತಾಡುವವರು ಏನೆಂದು ಕರೆಯುತ್ತಾರೆ? ಅದಕ್ಕೊಂದು ಒಂಟಿ ಪದ ನಿಮ್ಮ ಅಜ್ಜಿಯರ ಬಾಯಲ್ಲಿ ಇದ್ದರೆ, ‘ಅಪವಾದ ಹೊತ್ತವರು’ ಎಂಬ ನನ್ನ ಉದ್ದದ ಸಾಲನ್ನು ಅಳಿಸಿ ಅದನ್ನೇ ಬರೆಯುತ್ತೇನೆ.